ಕೊಲೆಯೂ ಲೋಕದ ಕರುಣೆಯೂ

ಲೋಕದಲ್ಲಿ ದಿನಂಪ್ರತಿ ಎಷ್ಟೋ ಮರಣಗಳು ಸಂಭವಿಸುತ್ತವೆ. ಅವುಗಳಿಗೆ ಮನೆಯವರು ಅಳುತ್ತಾರೆ. ನೆರೆಯವರು ‘ಅಯ್ಯೋ’ ಎಂದು ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಆದರೆ ಎಂದೋ ಒಂದು ಕೊಲೆಯ ವಾರ್ತೆ ಬಂದಾಗ ಮಾತ್ರ, ಸತ್ತವನನ್ನಾಗಲಿ ಕೊಂದವನನ್ನಾಗಲಿ ಕಣ್ಣಿನಿಂದ ಕಂಡಿರದ ಲಕ್ಷಾಂತರ ಜನರು ಊಟ ನಿದ್ರೆಗಳನ್ನು ಮರೆತು ಅದರ ವಿಚಾರದಲ್ಲಿಯೇ ಮಗ್ನರಾಗುತ್ತಾರೆ. ಸಾಕ್ಷಿಗಳ ವಿಚಾರಣೆ ಆಗುವುದಕ್ಕೆ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತಾರೆ. ಹೀಗೆ ಲೋಕವು ಪಕ್ಷವಹಿಸುವುದಕ್ಕೆ ಕಾರಣವೇನು? ಕೊಂದವನ ಮೇಲೆ ಲೋಕವು ಕರುಣೆಯನ್ನು ತೋರಿದರೆ ಅದು ನಿಜವಾದ ಕರುಣೆಯೆ? ಈ ಎರಡು ಪ್ರಶ್ನೆಗಳನ್ನು ಯಥಾಮತಿಯಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಿದರ್ಶನವಿಲ್ಲದ ವಿಚಾರವು ಬರಿಯ ಮಾತಾಗುವುದಾದ ಕಾರಣ, ಪ್ರಸಿದ್ಧವಾದ ಒಂದು ಮೊಕದ್ದಮೆಯನ್ನೇ ವಾಚಕರ ಮುಂದಿಡುತ್ತೇನೆ.

1959ನೆಯ ಇಸವಿ ಏಪ್ರಿಲ್ 27ರಂದು ಮುಂಬಯಿ ನಗರದಲ್ಲಿ ಕಮಾಂಡರ್ ಕಾವಸ್ ಮಾಣೆಕ್‌ಷಾ ನಾನಾವತಿ ಎಂಬ ನೌಕಾಸೇನಾಧಿಕಾರಿಯು ಪ್ರೇಮ್ ಆಹುಜಾ ಎಂಬ ಮೋಟಾರು ವ್ಯಾಪಾರಿಯನ್ನು ಗುಂಡಿಟ್ಟು ಕೊಂದನು. ನಾನಾವತಿಯು ‘ಮೈಸೂರು’ ಎಂಬ ಯುದ್ಧನೌಕೆಯಲ್ಲಿ ಎರಡನೆಯ ಅಧಿಕಾರಿಯಾಗಿದ್ದನು. ಆಹುಜಾ ಅವನ ಕುಟುಂಬಕ್ಕೆ ಸ್ನೇಹಿತನಾಗಿದ್ದವನು. ಆ ಸ್ನೇಹಿತನಲ್ಲಿ ತನ್ನ ಮನಸ್ಸು ನೆಟ್ಟಿರುವುದನ್ನು ಆ ದಿನ ಹೆಂಡತಿಯೇ ಗಂಡನಿಗೆ ತಿಳಿಸಿದಳು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಚಲಚ್ಚಿತ್ರ ಮಂದಿರದಲ್ಲಿ ಬಿಟ್ಟನು. ಅಲ್ಲಿಂದ ಹಡಗಿಗೆ ಹೋಗಿ ಒಂದು ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದನು. ಆಹುಜಾನನ್ನು ಅವನ ಕಚೇರಿಯಲ್ಲಿ ಹುಡುಕಿ, ಕಾಣದೆ, ಅವನ ಮನೆಗೆ ಹೋದನು. ಮಲಗುವ ಕೋಣೆಯಲ್ಲಿ ಮೂರು ಗುಂಡುಗಳು ಹಾರಿದವು. ಅನಂತರ ನಾನಾವತಿಯು ತಾನಾಗಿಯೇ ಹೋಗಿ ಪೋಲೀಸಿನವರಿಗೆ ಒಪ್ಪಿಸಿಕೊಂಡನು.

ಮುಂದಿನ ಕಥೆ ಸುವಿದಿತವಾದದ್ದು. ಸೆಷನ್ಸ್ ನ್ಯಾಯಾಲಯದಲ್ಲಿ ಒಂಬತ್ತು ಮಂದಿ ಜ್ಯೂರಿಗಳಲ್ಲಿ ಎಂಟು ಮಂದಿ ಅವನನ್ನು ನಿರಪರಾಧಿಯೆಂದರು. ನ್ಯಾಯಾಧೀಶರು ಆ ಅಭಿಪ್ರಾಯವನ್ನು ಒಪ್ಪದೆ ಮೊಕದ್ದಮೆಯನ್ನು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. 1960ರಲ್ಲಿ ಆ ನ್ಯಾಯಾಲಯವು ಅವನನ್ನು ಕೊಲೆಯ ಅಪರಾಧಿಯೆಂದು ನಿರ್ಣಯಿಸಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. 1961ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. 1964ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತರು ಕ್ಷಮಾದಾನವನ್ನಿತ್ತರು. ಅವನು ಸಂಸಾರಸಮೇತನಾಗಿ ಕೆನಡಾ ದೇಶಕ್ಕೆ ಹೋಗಿ ನೆಲೆಸಿ, 2003ರಲ್ಲಿ ಅಲ್ಲಿಯೇ ಮೃತನಾದನು.

ಮೊದಲು ಕೊಂದವನ ಮನಸ್ಸನ್ನು ನೋಡೋಣ. ‘ಸಿಟ್ಟಿನ ಭರದಲ್ಲಿ ಆಗಿಹೋಯಿತು’ ಎಂಬುದು ಇಂಥ ಸಂದರ್ಭಗಳಲ್ಲಿ ಲೋಕದ ಮಾತು. ನಮ್ಮ ದಂಡಸಂಹಿತೆಯೂ ಈ ಮಾತಿಗೆ ಸ್ವಲ್ಪ ಬೆಲೆ ಕೊಟ್ಟಿದೆ. ಗುರುತರವಾದ, ಹಠಾತ್ತಾದ ಪ್ರಚೋದನೆಯಿಂದ ಹತೋಟಿ ತಪ್ಪಿ ಕೊಂದವನ ಅಪರಾಧವನ್ನು ಅದು ಕಡಿಮೆಯೆಂದು ಗಣಿಸುತ್ತದೆ. ಆದರೆ ಇಲ್ಲಿ ನಾನಾವತಿಯು ಮನೆ ಬಿಟ್ಟದ್ದು ಮಧ್ಯಾಹ್ನ ಒಂದೂವರೆ ಗಂಟೆಗೆ. ಕೊಲೆ ನಡೆದದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ನಡುವೆ ಅವನು ಹಡಗಿನಲ್ಲಿ ಸರಕಾರೀ ಕೆಲಸವನ್ನೂ ನೋಡಿದನು. ಆದಕಾರಣ ಮನಸ್ಸು ಹತೋಟಿಗೆ ಬರಲು ಸಾಕಷ್ಟು ಕಾಲಾವಕಾಶವಿತ್ತೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕ್ರೋಧವು ಕುರುಡೆಂದು ನಾವು ಹೇಳುವುದುಂಟು. ಆದರೆ ಕ್ರೋಧದಲ್ಲಿ ಎರಡು ವಿಧ. ಒಂದು ಸಿಡಿಲಿನಂತೆ ಬಂದು ಬುದ್ಧಿಯನ್ನು ನಾಶಮಾಡುತ್ತದೆ. ಮತ್ತೊಂದು ಬುದ್ಧಿಯನ್ನು ನಾಶಮಾಡದೆ ಅದನ್ನು ತನ್ನ ಸೇವಕನನ್ನಾಗಿ ಮಾಡಿಕೊಳ್ಳುತ್ತದೆ. ಈ ಎರಡನೆಯ ಕ್ರೋಧವು ಮೋಟಾರನ್ನು ಸರಿಯಾಗಿ ನಡೆಸುತ್ತದೆ, ಮಕ್ಕಳನ್ನು ಜೋಪಾನವಾಗಿ ಇಳಿಸುತ್ತದೆ, ಮನೆಯ ವಿಳಾಸವನ್ನು ಮರೆಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಧೈರ್ಯವೆಂಬಂತೆಯೂ ಗಾಂಭೀರ್ಯವೆಂಬಂತೆಯೂ ತೋರುವುದರಿಂದಲೇ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರವಾದುದು.

ಇನ್ನು ಲೋಕದ ಮನಸ್ಸು. ‘ಬ್ಲಿಟ್ಜ್’ ಎಂಬ ವಾರಪತ್ರಿಕೆಯು ಆರೋಪಿಯ ಪಕ್ಷವನ್ನು ಹಿಡಿದು ಪುಟಗಟ್ಟಲೆ ಬರೆಯಿತು. ಬೀದಿಗಳಲ್ಲಿ ನಾನಾವತಿಯ ಹೆಸರಿನ ಆಟದ ರಿವಾಲ್ವರುಗಳೂ ಆಹುಜಾನ ಹೆಸರಿನ ಟವಲುಗಳೂ ಮಾರಾಟವಾದವೆಂದು ವರದಿಯಿದೆ. ಟವಲಿನ ಮಾತು ಏತಕ್ಕೆಂದರೆ, ಸತ್ತವನು ಆಗತಾನೆ ಸ್ನಾನಮಾಡಿ ಟವಲೊಂದನ್ನೇ ಉಟ್ಟಿದ್ದನು. ಬಿದ್ದಾಗಲೂ ಅದು ಅವನ ಸೊಂಟದಲ್ಲಿಯೇ ಇತ್ತು.

ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ನ್ಯಾಯಾಲಯದಲ್ಲಿ ನಾನಾವತಿಯು ‘ನನ್ನ ಮಾನಕ್ಕಾಗಿ ನಾನು ಕೊಂದೆ’ ಎಂದು ಹೇಳಲಿಲ್ಲ. ರಿವಾಲ್ವರಿಗಾಗಿ ಇಬ್ಬರಿಗೂ ಸೆಣಸಾಟವಾಗಿ, ಗುಂಡು ಆಕಸ್ಮಿಕವಾಗಿ ಹಾರಿತೆಂಬುದೇ ಅವನ ವಾದ. ಅಂಥ ಸೆಣಸಾಟ ನಡೆದಿದ್ದರೆ ಟವಲು ಕಳಚಿ ಬೀಳದೆ ಇರುತ್ತಿತ್ತೆ ಎಂಬುದು ಸರಕಾರದ ಪಕ್ಷದ ಪ್ರಶ್ನೆ. ಆದರೆ ಬೀದಿಯ ಜನರು ಕೊಂಡಾಡಿದ್ದು ಆಕಸ್ಮಿಕವಾಗಿ ಗುಂಡು ಹಾರಿಸಿದ ನತದೃಷ್ಟನನ್ನಲ್ಲ. ಮಾನಕ್ಕಾಗಿ ಬೇಕೆಂದೇ ಕೊಂದ ವೀರನನ್ನು. ಆರೋಪಿಯು ‘ನಾನು ಕೊಲ್ಲಲು ಬಯಸಲಿಲ್ಲ’ ಎನ್ನುತ್ತಾನೆ. ಜನರು ‘ನೀನು ಕೊಂದದ್ದೇ ಸರಿ’ ಎನ್ನುತ್ತಾರೆ! ಜನರು ಅವನ ಮಾತನ್ನು ಕೂಡ ಕೇಳಲಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಅವರಿಗೆ ಬೇಕಾಗಿದ್ದವನು ನಾನಾವತಿಯಲ್ಲ, ಒಂದು ಪಾತ್ರ.

ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂಬ ತತ್ತ್ವವನ್ನು ಹೇಳುತ್ತಾರೆ. ಭಟ್ಟನಾಯಕನು ಅದನ್ನು ಪ್ರತಿಪಾದಿಸಿದನು. ಅಭಿನವಗುಪ್ತನು ಅದನ್ನು ಪರಿಷ್ಕರಿಸಿದನು. ನಾಟಕದಲ್ಲಿ ರಾಮನ ದುಃಖವು ರಾಮನೊಬ್ಬನದಾಗಿ ಉಳಿಯದೆ, ದೇಶ ಕಾಲ ವ್ಯಕ್ತಿಗಳ ಕಟ್ಟನ್ನು ಕಳಚಿಕೊಂಡು ಸಹೃದಯರೆಲ್ಲರದೂ ಆಗುತ್ತದೆ; ಆಗಲೇ ರಸಾಸ್ವಾದ. ಗಮಕಿಗಳು ಕೀಚಕವಧೆಯ ಪ್ರಸಂಗವನ್ನು ವಾಚನಮಾಡುವಾಗ ಸಭೆಯೆಲ್ಲವೂ ಭೀಮನಾಗುತ್ತದೆ. ಅದರಲ್ಲಿ ದೋಷವೇನೂ ಇಲ್ಲ, ಏಕೆಂದರೆ ಅಲ್ಲಿ ನಿಜವಾಗಿ ಸತ್ತವರು ಯಾರೂ ಇಲ್ಲ. ಆದರೆ ಇದೇ ವ್ಯಾಪಾರವು ರಂಗದಿಂದಿಳಿದು ನ್ಯಾಯಾಲಯವನ್ನು ಹೊಕ್ಕರೆ, ಗುಣವಾಗಿದ್ದದ್ದೇ ದೋಷವಾಗುತ್ತದೆ. ಮುಂಬಯಿಯ ಗೃಹಸ್ಥನು ಆ ಕೊಲೆಯಲ್ಲಿ ಕಂಡದ್ದು ಕೀಚಕವಧೆಯನ್ನು. ಕೀಚಕನು ದ್ರೌಪದಿಯನ್ನು ಬಲಾತ್ಕರಿಸಬಂದವನು, ಇಲ್ಲಿಯಾದರೋ ಆ ಹೆಣ್ಣಿನ ಮನಸ್ಸೂ ಅದರಲ್ಲಿತ್ತು ಎಂಬ ಭೇದವು ಅವನಿಗೆ ಬೇಡವಾಯಿತು. ಕಾವ್ಯಕ್ಕೆ ಸಾಮಾನ್ಯವು ಬೇಕು. ನ್ಯಾಯಕ್ಕೆ ವಿಶೇಷವು ಬೇಕು. ಈ ಮನುಷ್ಯನು, ಈ ದಿನ, ಈ ಹೊತ್ತಿನಲ್ಲಿ ಏನು ಮಾಡಿದನೆಂಬುದೊಂದೇ ನ್ಯಾಯದ ಪ್ರಶ್ನೆ.

ಇದಲ್ಲದೆ ಭಯವೂ ಒಂದು ಕಾರಣ. ತನ್ನ ಮನೆಯಲ್ಲಿ ಹೀಗಾದರೆ ಎಂಬ ಆಡಲಾಗದ ಶಂಕೆಯು ಎಷ್ಟೋ ಗೃಹಸ್ಥರ ಮನಸ್ಸಿನ ತಳದಲ್ಲಿರುತ್ತದೆ. ಕೊಂದವನನ್ನು ಹೊಗಳಿದರೆ ಆ ಶಂಕೆಗೆ ಒಂದು ಸಮಾಧಾನ ದೊರೆಯುತ್ತದೆ. ಮೂರನೆಯದು ಗುಂಪಿನ ಅಭಿಮಾನ. ಪಾಠಶಾಲೆಯಲ್ಲಿ ಬಹುಕಾಲ ದುಡಿದ ನನ್ನಂಥವನಿಗೆ ಇದು ಹೊಸದಲ್ಲ. ಇಬ್ಬರು ಹುಡುಗರು ಕೈಮಿಲಾಯಿಸಿದೊಡನೆ ಉಳಿದವರು ಸುತ್ತುಗಟ್ಟುತ್ತಾರೆ, ಜಗಳದ ಕಾರಣವನ್ನು ಕೇಳುವುದಕ್ಕೆ ಮೊದಲೇ ‘ಇವನು ನಮ್ಮ ಕೇರಿಯವನು’ ಎಂದು ಎರಡು ಪಕ್ಷವಾಗುತ್ತಾರೆ. ನಾನಾವತಿಯು ಪಾರಸಿ, ಆಹುಜಾ ಸಿಂಧಿ. ಪಾರಸಿಗಳು ನಾನಾವತಿಗಾಗಿ ಸಭೆ ಸೇರಿದರು. ಸಿಂಧಿಗಳು ಸತ್ತವನ ಕಡೆ ನಿಂತರು. ಹಿರಿಯರ ಸುತ್ತುಗಟ್ಟು ಹುಡುಗರದಕ್ಕಿಂತ ದೊಡ್ಡದೇ ಹೊರತು ಬೇರೆಯಲ್ಲ.

ಈ ನಾಟಕದಲ್ಲಿ ಅತ್ಯಂತ ಹೆಚ್ಚಾಗಿ ನಷ್ಟಪಡುವವನು ಸತ್ತವನು. ಕೊಂದವನಿಗೆ ವಕೀಲರುಂಟು, ಪತ್ರಿಕೆಗಳುಂಟು, ಬದುಕುವುದಕ್ಕೆ ಮುಂದೆ ದಿನಗಳುಂಟು. ಸತ್ತವನಿಗೆ ಪ್ರತಿವಾದ ಹೇಳುವ ನಾಲಗೆಯಿಲ್ಲ. ಆಹುಜಾನ ನಡತೆಯು ಸಾಧುವಾಗಿರಲಿಲ್ಲವೆಂದೇ ಒಪ್ಪಿಕೊಳ್ಳೋಣ; ಆದರೆ ಆ ದೋಷಕ್ಕೆ ಮರಣದಂಡನೆಯನ್ನು ಯಾವ ನ್ಯಾಯಾಲಯವೂ ವಿಧಿಸುತ್ತಿರಲಿಲ್ಲ. 2016ರಲ್ಲಿ ಈ ಕಥೆಯನ್ನು ಆಧರಿಸಿ ‘ರುಸ್ತುಂ’ ಎಂಬ ಹಿಂದೀ ಚಲಚ್ಚಿತ್ರವು ಬಂದಿತು. ಅದರಲ್ಲಿ ನಾಯಕನನ್ನು ದೇಶಭಕ್ತನನ್ನಾಗಿ ಮಾಡುವುದಕ್ಕೋಸ್ಕರ ರಕ್ಷಣಾವ್ಯವಹಾರದ ಲಂಚದ ವೃತ್ತಾಂತವೊಂದನ್ನು ಹೊಸದಾಗಿ ಸೇರಿಸಿದರು. ಬರಿಯ ವ್ಯಭಿಚಾರವು ಕೊಲೆಯನ್ನು ಸಮರ್ಥಿಸಲಾರದೆಂದು ಕಥೆಗಾರರ ಅಂತರಂಗಕ್ಕೂ ತೋರಿರಬೇಕು. ಇಲ್ಲವಾದರೆ ಮತ್ತೊಂದು ಅಪರಾಧವನ್ನು ಹುಡುಕುವ ಅಗತ್ಯವೇನಿತ್ತು?

ಇಲ್ಲಿ ಒಂದು ಪೂರ್ವಪಕ್ಷವು ಬರಬಹುದು. ‘ಜನರಿಗೆ ಇಂಥ ವಿಷಯಗಳಲ್ಲಿ ಆವೇಶವೇ ಇಲ್ಲದಿದ್ದರೆ ಸಮಾಜವು ಸತ್ತಂತೆಯೇ ಅಲ್ಲವೆ? ಲೋಕದ ಕೋಪತಾಪಗಳೇ ಧರ್ಮದ ಉಸಿರಲ್ಲವೆ?’ ಎಂದು. ಮಾತು ಯುಕ್ತವಾದುದೇ. ಅಧರ್ಮವನ್ನು ಕಂಡು ಕುದಿಯದ ಮನಸ್ಸು ಮನಸ್ಸಲ್ಲ. ಆದರೆ ಕುದಿತವು ಸಂಗತಿಗಳನ್ನು ತಿಳಿಯುವ ಆಸಕ್ತಿಯನ್ನು ಹುಟ್ಟಿಸಿದರೆ ಅದು ಧರ್ಮಕ್ಕೆ ಸಹಾಯಕ. ಅವುಗಳನ್ನು ತಿಳಿಯದಂತೆ ಕಣ್ಣನ್ನು ಮುಚ್ಚಿದರೆ ಅದು ಮನೋರಂಜನೆ. ಈ ಹೊತ್ತು ಕೊಲೆಗಾರನಿಗೆ ಹೂವನ್ನು ಎರಚುವ ಕೈ, ನಾಳೆ ಇನ್ನೊಬ್ಬ ಆರೋಪಿಯನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸಬೇಕೆಂದು ಮೇಲೇಳುತ್ತದೆ. ಎರಡೂ ಒಂದೇ ಕೈ.

ಹಾಗಾದರೆ ನಿಜವಾದ ಕರುಣೆ ಯಾವುದು? ಈ ಮೊಕದ್ದಮೆಯಲ್ಲಿ ಅದು ಒಂದು ಕಡೆ ಕಾಣಿಸಿಕೊಂಡಿತು; ಆದರೆ ಗುಂಪಿನಲ್ಲಲ್ಲ. ಸತ್ತವನ ಅಕ್ಕ ಮೇಮಿ ಆಹುಜಾ ಎಂಬವಳು ತಮ್ಮನ ಪರವಾಗಿ ಕೊನೆಯವರೆಗೂ ನ್ಯಾಯವನ್ನು ಕೇಳಿದವಳು. 1964ರಲ್ಲಿ ಕ್ಷಮಾದಾನದ ಪ್ರಸ್ತಾಪವು ಬಂದಾಗ, ಅವಳು ತನ್ನ ಒಪ್ಪಿಗೆಯನ್ನು ಬರಹದ ಮೂಲಕ ಕೊಟ್ಟಳು. ಭಾಗವತದಲ್ಲಿ, ನಿದ್ರಿಸುತ್ತಿದ್ದ ತನ್ನ ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಕಟ್ಟಿ ತಂದು ಮುಂದೆ ನಿಲ್ಲಿಸಿದಾಗ, ಭೀಮನು ಕೊಲ್ಲಬೇಕೆನ್ನುತ್ತಾನೆ, ದ್ರೌಪದಿಯು ಬಿಡಿಸೆನ್ನುತ್ತಾಳೆ. ತನ್ನಂತೆ ಅವನ ತಾಯಿಯೂ ಅಳಬಾರದೆಂಬುದು ಅವಳ ಕಾರಣ. ಕ್ಷಮಿಸುವ ಅಧಿಕಾರವು ಅವಳಿಗಿತ್ತು, ಏಕೆಂದರೆ ಬರಿದಾದದ್ದು ಅವಳ ಮಡಿಲು. ಬೀದಿಯ ಜನರು ಕ್ಷಮಿಸಿದಾಗ ಅವರ ಕೈಯಿಂದ ಹೋದದ್ದೇನು? ಪತ್ರಿಕೆಯ ಬೆಲೆ ಮಾತ್ರ. ತನ್ನದಲ್ಲದ ಹಣವನ್ನು ದಾನಮಾಡಿದವನಿಗೆ ಪುಣ್ಯವುಂಟೆ?

ನಮ್ಮ ಕಾಲದಲ್ಲಿ ವಾರಪತ್ರಿಕೆಗೆ ಕಾಯಬೇಕಾದ ಅಗತ್ಯವಿಲ್ಲ. ಕೈಯಲ್ಲಿರುವ ಮೊಬೈಲ್ ಯಂತ್ರವೇ ಕ್ಷಣಕ್ಷಣಕ್ಕೂ ಕೊಲೆಯ ಕಥೆಯನ್ನು ತಂದು ತೀರ್ಪನ್ನು ಬೇಡುತ್ತದೆ. ಜ್ಯೂರಿಯ ಪದ್ಧತಿಯು 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಉಳಿಯಲಿಲ್ಲ. ಆದರೆ ಮನೆಮನೆಯಲ್ಲಿಯೂ ಈಗ ಜ್ಯೂರಿಯು ಕುಳಿತಿದೆ. ಆದುದರಿಂದ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ: ಅಂಥ ವಾರ್ತೆಯು ಬಂದಾಗ ಕೊಂದವನ ಕಥೆಯನ್ನು ಕೇಳುವುದಕ್ಕೆ ಮೊದಲು ಸತ್ತವನ ಹೆಸರನ್ನು ಒಮ್ಮೆ ನೆನೆಯಿರಿ, ಅವನಿಗಾಗಿ ಅಳುವವರು ಯಾರಾದರೂ ಒಬ್ಬರು ಎಲ್ಲಿಯೋ ಇರುತ್ತಾರೆಂಬುದನ್ನು ಮನಸ್ಸಿಗೆ ತಂದುಕೊಳ್ಳಿರಿ. ಆಮೇಲೆ ಆಡುವ ಮಾತು ತಾನಾಗಿಯೇ ಮೆಲ್ಲಗಾಗುವುದು.