ದಯಾಮರಣವೆಂಬ ಶಬ್ದವೂ ಸಲ್ಲೇಖನೆಯೂ

ಇಂಗ್ಲಿಷಿನ ‘ಯುಥನೇಸಿಯಾ’ ಎಂಬ ಶಬ್ದವು ಗ್ರೀಕ್ ಮೂಲದ್ದು. ‘ಯು’ ಎಂದರೆ ಒಳ್ಳೆಯದು, ‘ಥಾನಟೋಸ್’ ಎಂದರೆ ಮರಣ. ಕ್ರಿ.ಶ. 14ರಲ್ಲಿ ತೀರಿಕೊಂಡ ರೋಮಿನ ಚಕ್ರವರ್ತಿ ಆಗಸ್ಟಸನು ತನಗೂ ತನ್ನವರಿಗೂ ಅಂತಹ ಮರಣವೇ ಒದಗಲೆಂದು ಹಾರೈಸುತ್ತಿದ್ದನೆಂದು ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಆಗ ಅದಕ್ಕೆ ಸಂಕಟವಿಲ್ಲದ ಸಾವು ಎಂಬುದಷ್ಟೇ ಅರ್ಥ. ಪ್ರಾಣ ತೆಗೆಯುವ ಮತ್ತೊಬ್ಬನು ಅದರೊಳಗೆ ಇರಲಿಲ್ಲ. 17ನೆಯ ಶತಮಾನದ ಫ್ರಾನ್ಸಿಸ್ ಬೇಕನ್ನನೂ ಸಾಯುವವನ ನೋವನ್ನು ವೈದ್ಯನು ಶಮನಗೊಳಿಸಬೇಕೆಂಬ ಅರ್ಥದಲ್ಲಿಯೇ ಅದನ್ನು ಬಳಸಿದನು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಥವು ಪಲ್ಲಟವಾಗಿ, ಗುಣವಾಗದ ರೋಗಿಯ ಜೀವವನ್ನು ಕರುಣೆಯಿಂದ ಕೊನೆಗಾಣಿಸುವ ಕ್ರಿಯೆಗೆ ಅದು ಹೆಸರಾಯಿತು.

ಕನ್ನಡದಲ್ಲಿ ಅದು ‘ದಯಾಮರಣ’. ಕೆಲವರ ಬಾಯಲ್ಲಿ ‘ಇಚ್ಛಾಮರಣ’. ದಯೆ ಯಾರದು, ಇಚ್ಛೆ ಯಾರದು? ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯಲ್ಲಿ ದಾದಿಯಾಗಿದ್ದು, 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ ಎಚ್ಚರಗೆಟ್ಟರು. ಅವರಿಗಾಗಿ ದಯಾಮರಣ ಕೋರಿದವರು ಬೇರೆಯವರು. ಅದನ್ನು ವಿರೋಧಿಸಿದವರು ದಶಕಗಳ ಕಾಲ ಅವರ ಆರೈಕೆ ಮಾಡಿದ ಆಸ್ಪತ್ರೆಯವರು. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಕೋರಿಕೆಯನ್ನು ತಳ್ಳಿಹಾಕಿತು. 2015ರ ಮೇ 18ರಂದು ಅವರು ತೀರಿಕೊಂಡರು. ಅವರ ಇಚ್ಛೆಯೇನೆಂಬುದು ಯಾರಿಗೂ ತಿಳಿಯಲಿಲ್ಲ.

ಈಗ ಬಮ್ಮಿಗಟ್ಟಿಯಂತಹ ಊರಿನ ಒಂದು ಶ್ರಾವಕ ಮನೆಯಲ್ಲಿ ವೃದ್ಧರೊಬ್ಬರು ಕ್ರಮವಾಗಿ ಆಹಾರ ತ್ಯಜಿಸತೊಡಗಿದರೆನ್ನೋಣ. ಹುಬ್ಬಳ್ಳಿಯಲ್ಲಿ ಓದಿದ ಮೊಮ್ಮಗನು ‘ಇದೂ ಇಚ್ಛಾಮರಣವೇ ಅಲ್ಲವೇ ಅಜ್ಜಾ?’ ಎಂದು ಕೇಳಿದರೆ ಸಿಟ್ಟಾಗಬೇಕಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವೇ ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮವೆಂದಿತ್ತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಮೊಮ್ಮಗನಿಗೆ ಉತ್ತರವು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಜೀವಿತಾಶಂಸೆಯ ಜೊತೆಗೇ ಮರಣಾಶಂಸೆಯನ್ನೂ ಉಮಾಸ್ವಾತಿ ಆಚಾರ್ಯರು ಎಣಿಸಿದ್ದಾರೆ. ಬದುಕಬೇಕೆಂಬ ಹಂಬಲದಷ್ಟೇ ಬೇಗ ಸಾಯಬೇಕೆಂಬ ಹಂಬಲವೂ ವ್ರತಕ್ಕೆ ಕಳಂಕ. ಮರಣದ ಇಚ್ಛೆಯೇ ದೋಷವಾಗಿರುವಲ್ಲಿ ಇಚ್ಛಾಮರಣವೆಂಬ ಹೆಸರು ಹೊಂದುವುದಾದರೂ ಹೇಗೆ? ಲೇಖನೆಯೆಂದರೆ ಕೃಶಗೊಳಿಸುವುದು, ಕಾಯವನ್ನು ಮಾತ್ರವಲ್ಲ, ಕಷಾಯಗಳನ್ನೂ.

ಈ ಒರೆಗಲ್ಲು ಹೊರಗಿನವರಿಗಿಂತ ಮನೆಯವರಿಗೇ ಹೆಚ್ಚು ಕಠಿನವಾದುದು. ಸೊಸೆಯ ಮಾತಿಗೆ ನೊಂದು ಅನ್ನ ಬಿಟ್ಟ ಅತ್ತೆಯ ನಿರಶನವು ಸಲ್ಲೇಖನೆಯಲ್ಲ, ಕ್ರೋಧ ಮಾನಗಳ ಪೋಷಣೆ. ಔಷಧದ ಖರ್ಚಿಗೆ ಹಿಂಜರಿದ ಮಕ್ಕಳು ‘ಅಪ್ಪ ವ್ರತ ಹಿಡಿದಿದ್ದಾರೆ’ ಎಂದರೆ, ಅದು ದಯಾಮರಣವೂ ಅಲ್ಲ. ಅದಕ್ಕೆ ನಿರ್ದಯವೆಂಬ ಹೆಸರೇ ಸರಿ. ಆದುದರಿಂದಲೇ ಗುರುವಿನ ಅನುಮತಿ ಬೇಕು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, ಹಳೆಯ ಧಾರವಾಡ ಜಿಲ್ಲೆಯದೇ ಆದ ಬಂಕಾಪುರಕ್ಕೆ ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ. ಅದು 974ರ ಸುಮಾರಿನ ಮಾತು.

ಗುರುವು ಒಪ್ಪಲೇಬೇಕೆಂದೇನೂ ಇಲ್ಲ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದಂತೆ ಬಂದೊದಗಿದಾಗ ಮಾತ್ರ ಸಲ್ಲೇಖನೆಯೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ ಸಮಂತಭದ್ರ ಸ್ವಾಮಿಗಳೇ ಹಿಂದೊಮ್ಮೆ ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನೆಯನ್ನು ಬೇಡಿದ್ದರೆಂದು ಪರಂಪರೆಯ ಕಥೆಯಿದೆ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಉಂಟೆಂದು ಕಂಡ ಗುರುಗಳು ಅನುಮತಿ ಕೊಡಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ಮೊದಲು ರೋಗವನ್ನು ಗುಣಪಡಿಸಿಕೊಂಡು ಬರುವಂತೆ ಅಪ್ಪಣೆಯಿತ್ತರು.