ಸಹನೆ ಎಂದರೆ ಅಲ್ಲೇ ನಿಂತಿರುವುದೇ?



ಇಂದಿನ ಚಿಂತನೆ: ಖಂತಿ, ಅಂದರೆ ಸಹನೆ.

ಆಸ್ಟ್ರೇಲಿಯಾದಲ್ಲಿ ಅವರದೇ ಆದ ಒಂದು ಬಗೆಯ ಫುಟ್‌ಬಾಲ್ ಇದೆ. ಆಡಂ ಗುಡ್ಸ್ ಆ ಆಟದ ದೊಡ್ಡ ಹೆಸರು. ಅಲ್ಲಿನ ಮೂಲನಿವಾಸಿ ಸಮುದಾಯದವರು. ಸಿಡ್ನಿ ಸ್ವಾನ್ಸ್ ತಂಡಕ್ಕೆ 372 ಪಂದ್ಯ ಆಡಿ, 2003 ಮತ್ತು 2006ರಲ್ಲಿ ಶ್ರೇಷ್ಠ ಆಟಗಾರರಿಗೆ ಕೊಡುವ ಬ್ರೌನ್‌ಲೋ ಪದಕ ಪಡೆದವರು.

2013ರ ಮೇ ತಿಂಗಳಲ್ಲಿ ಮೆಲ್ಬರ್ನ್ ಮೈದಾನದಲ್ಲಿ ಪ್ರೇಕ್ಷಕರ ನಡುವಿನಿಂದ ಒಂದು ದನಿ ಅವರನ್ನು ‘ವಾನರ’ ಎಂದು ಕೂಗಿತು. ಕೂಗಿದವಳು 13 ವರ್ಷದ ಹುಡುಗಿ. ಗುಡ್ಸ್ ಕಾವಲಿನವರಿಗೆ ಅವಳನ್ನು ತೋರಿಸಿದರು. ಆದರೆ ಮರುದಿನ, ತಪ್ಪು ಅವಳದಲ್ಲ, ಅವಳಿಗೆ ಬೇಕಿರುವುದು ಬೆಂಬಲ ಎಂದರು. ಅನ್ಯಾಯವನ್ನು ಅನ್ಯಾಯ ಎಂದೂ ಹೇಳಿದರು, ಮಗುವಿನ ಮೇಲೆ ಕರುಣೆಯನ್ನೂ ಇಟ್ಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಅವರು ಚೆಂಡು ಮುಟ್ಟಿದಾಗಲೆಲ್ಲ ಸಾವಿರಾರು ಜನ ‘ಬೂ’ ಎನ್ನತೊಡಗಿದರು. 2015ರಲ್ಲಿ ಅದು ವಾರ ವಾರವೂ ನಡೆಯಿತು. ಆ ಸೆಪ್ಟೆಂಬರಿನಲ್ಲಿ ಅವರು ಆಟ ಬಿಟ್ಟರು. ‘ಇನ್ನಷ್ಟು ಸಹಿಸಿಕೊಳ್ಳಬಹುದಿತ್ತಲ್ಲ’ ಎಂದು ನಮಗೆ ಅನ್ನಿಸಬಹುದು.

ಇಂಥಲ್ಲಿ ನಾವು ಸಾಮಾನ್ಯವಾಗಿ ನೆನೆಯುವುದು ಅಕ್ಕೋಸಕ ಭಾರದ್ವಾಜನ ಪ್ರಸಂಗ. ಅತಿಥಿ ಮುಟ್ಟದ ಊಟ ಬಡಿಸಿದವನಿಗೇ ಉಳಿಯುವಂತೆ, ಸ್ವೀಕರಿಸದ ಬೈಗುಳ ಬೈದವನಿಗೇ ಉಳಿಯುತ್ತದೆ. ನಿಜ. ಆದರೆ ಈ ಮಾತನ್ನು ನಾವು ಬೈಸಿಕೊಂಡವರಿಗೆ ಮಾತ್ರ ಹೇಳುತ್ತೇವೆ, ಬೈದವರಿಗೆ ಹೇಳುವುದಿಲ್ಲ. ಆಗ ಅದು ಧಮ್ಮವಾಗಿ ಉಳಿಯದೆ, ಸುಮ್ಮನಿರು ಎಂಬ ಅಪ್ಪಣೆಯಾಗುತ್ತದೆ.

ಕೋಸಂಬಿಯ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡೋಣ. ಧಮ್ಮಪದದ ಅಟ್ಟಕಥೆಯಲ್ಲಿ, ಅಲ್ಲಿ ಕೆಲವರು ಭಗವಾನರನ್ನು ಬೀದಿಬೀದಿಯಲ್ಲಿ ನಿಂದಿಸುತ್ತಾರೆ. ಬೇರೆ ಊರಿಗೆ ಹೋಗೋಣ ಎಂದು ಆನಂದರು ಕೇಳಿದರೂ ಅವರು ಹೊರಡುವುದಿಲ್ಲ. ವಿನಯದ ಮಹಾವಗ್ಗದಲ್ಲಿ, ಅದೇ ಊರಿನಲ್ಲಿ ತಮ್ಮದೇ ಭಿಕ್ಖುಗಳು ಜಗಳ ಬಿಡದೆ, ಬುದ್ಧಿಮಾತಿಗೆ ಕಿವಿಗೊಡದಿದ್ದಾಗ, ಭಗವಾನರು ಒಬ್ಬರೇ ಎದ್ದು ಹೊರಟುಬಿಡುತ್ತಾರೆ.

ಒಮ್ಮೆ ನಿಂತರು, ಒಮ್ಮೆ ಹೊರಟರು. ಎರಡು ಸಲವೂ ಮನಸ್ಸಿನಲ್ಲಿ ದ್ವೇಷವಿರಲಿಲ್ಲ. ಆದ್ದರಿಂದ ನನಗೆ ತಿಳಿಯುವುದು ಇಷ್ಟು: ಖಂತಿ ಇರುವುದು ಮನಸ್ಸಿನಲ್ಲಿ, ಕಾಲುಗಳಲ್ಲಲ್ಲ. ನಿಲ್ಲಬೇಕೋ ಹೊರಡಬೇಕೋ ಎಂಬುದನ್ನು ಪ್ರಜ್ಞೆ ನಿರ್ಧರಿಸಬೇಕು. ಗುಡ್ಸ್ ಅವರ ಮನಸ್ಸಿನೊಳಗೆ ಏನಿತ್ತೋ ನಾನು ಹೇಳಲಾರೆ. ಆದರೆ ಹೊರಟರು ಎಂಬ ಕಾರಣಕ್ಕೆ ಅವರಿಗೆ ಸಹನೆ ಇರಲಿಲ್ಲ ಎನ್ನಲಾಗದು.

ಇನ್ನೊಂದು ಮಾತು. ಭಗವಾನರು ಹೊರಟ ಮೇಲೆ ಕೋಸಂಬಿಯ ಉಪಾಸಕರು ಸುಮ್ಮನೆ ಕೂರಲಿಲ್ಲ. ಜಗಳಗಂಟ ಭಿಕ್ಖುಗಳಿಗೆ ವಂದನೆ, ಭಿಕ್ಷೆ ಎರಡನ್ನೂ ನಿಲ್ಲಿಸಿದರು. ಆಗಲೇ ಭಿಕ್ಖುಗಳು ದಾರಿಗೆ ಬಂದದ್ದು. ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗ್ ಮತ್ತು ಅದರ ಎಲ್ಲ 18 ಕ್ಲಬ್‌ಗಳು ಗುಡ್ಸ್ ಅವರ ಕ್ಷಮೆ ಕೇಳಿದ್ದು 2019ರಲ್ಲಿ. ಅಷ್ಟರಲ್ಲಿ ಅವರು ಆಟ ಬಿಟ್ಟು ನಾಲ್ಕು ವರ್ಷವಾಗಿತ್ತು.

ಮೈದಾನದಲ್ಲಿ ಕೂಗದೆ ಕುಳಿತವರೂ ಇದ್ದರು. ಪಕ್ಕದವನು ಕೂಗುವಾಗ ‘ಸಾಕು ನಿಲ್ಲಿಸು’ ಎನ್ನುವುದೂ ಸಮ್ಯಕ್ ವಾಚಾ ಅಲ್ಲವೇ?

ಇಂದಿನ ಅಭ್ಯಾಸ: ನಮ್ಮ ಮನೆ, ಕಚೇರಿ, ಗ್ರೂಪುಗಳಲ್ಲಿ ಯಾರ ಸಹನೆಯನ್ನು ಹೊಗಳುತ್ತಾ ನಾವು ಸುಮ್ಮನಿದ್ದೇವೆ? ಐದು ನಿಮಿಷ ಕುಳಿತು ಯೋಚಿಸೋಣ.

ಭವತು ಸಬ್ಬ ಮಂಗಲಂ 🙏