ಒಂದು ತಾಸಿನ ಹಾದಿ

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಅಂಥ ನಾಲ್ಕು ಕೂಡಿದರೆ ಒಂದು ಗಾವುದ. ಅದು ಕಾಲು ಬಲ್ಲ ಅಳತೆ. ಬನದ ಹುಣ್ಣಿಮೆಯ ತೇರಿಗೆಂದು ನಮ್ಮ ಚೊಳಚಗುಡ್ಡದ ಬನಶಂಕರಿಗೆ ನಡೆದು ಬರುವವರಿಗೆ ಅದು ಇಂದಿಗೂ ತಿಳಿದೀತು. ನಾನಾದರೋ ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ದೂರವನ್ನು ತಾಸಿನಲ್ಲಿ ಅಳೆಯಲು ಕಲಿತವನು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನ ದಾರಿ ಸುಮಾರು 470 ಕಿಲೋಮೀಟರು. ಹಕ್ಕಿ ಹಾರಿದಂತೆ ಅಳೆದರೆ 370ರಷ್ಟೆ. ವಿಮಾನಕ್ಕೆ ಒಂದು ತಾಸು. ಆದರೆ ಈ ತಾಸಿನ ಗಂಟನ್ನು ತುಸು ಬಿಚ್ಚಿ ನೋಡಬೇಕು. ದೇವನಹಳ್ಳಿ ಮುಟ್ಟಲು ಒಂದೂವರೆ ತಾಸು. ತಪಾಸಣೆಗೂ ಕಾಯುವುದಕ್ಕೂ ಎರಡು. ಇಳಿದ ಮೇಲೆ ಬಾದಾಮಿಗೆ ನೂರಕ್ಕೆ ಮಿಕ್ಕ ಕಿಲೋಮೀಟರು, ಅಲ್ಲಿಂದ ಊರಿಗೆ ಇನ್ನೈದು. ಎಲ್ಲ ಕೂಡಿದರೆ ಏಳೆಂಟು ತಾಸು. ರಾತ್ರಿಯ ರೈಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ನಿಜ. ಅದರಲ್ಲಿ ಬಹುಪಾಲು ನಿದ್ದೆಗೆ ಸಲ್ಲುತ್ತದೆ.

ಈ ಲೆಕ್ಕವನ್ನು ಯಾರಾದರೂ ಹಾಕಿಯಾರು. ನನ್ನನ್ನು ಕಾಡುವ ಲೆಕ್ಕ ಬೇರೆ. ಹಾದಿ ಹತ್ತಿರವಾದಷ್ಟೂ ನಾನು ಊರಿಗೆ ಹೋಗುವುದು ಕಡಿಮೆಯಾಯಿತು. ರೈಲೊಂದೇ ಗತಿಯಾಗಿದ್ದಾಗ ಹದಿನೈದು ದಿನ ಮೊದಲೇ ರಜೆ ಕೇಳಿ, ದೀಪಾವಳಿಗೂ ಜಾತ್ರೆಗೂ ತಪ್ಪದೆ ಹೋಗುತ್ತಿದ್ದೆ. ಕಷ್ಟದ ಹಾದಿಗೆ ದಿನ ಗೊತ್ತುಮಾಡಬೇಕಿತ್ತು. ಸುಲಭದ ಹಾದಿಗೆ ಯಾವ ದಿನವಾದರೂ ಆದೀತು. ಯಾವ ದಿನವಾದರೂ ಆಗುವ ಕೆಲಸ ಯಾವ ದಿನವೂ ಆಗುವುದಿಲ್ಲವೆಂಬುದನ್ನು ನಾನು ತಡವಾಗಿ ಕಲಿತೆ.

ವೇಗವನ್ನು ಹಳಿಯುವುದು ಕೃತಘ್ನತೆಯಾದೀತು. ತಂದೆಯವರು ತೀರಿಕೊಂಡ ದಿನ, ಮಣ್ಣಿಗೆ ಮುಂಚೆ ಅವರ ಮುಖವನ್ನು ಕಾಣಲು ಸಾಧ್ಯವಾದದ್ದು ವಿಮಾನದಿಂದಲೇ. ಆದರೆ ಉಸಿರಾಡುತ್ತಿದ್ದ ಮುಖವನ್ನು ಕಾಣಲು ವಿಮಾನ ಬೇಕಿರಲಿಲ್ಲ. ಅದಕ್ಕೆ ಹಿಂದಿನ ವಾರದ ರೈಲೇ ಸಾಕಿತ್ತು. 'ಬೇಕಾದಾಗ ಹೋಗಬಹುದು' ಎಂಬ ಧೈರ್ಯವನ್ನು ನಾನು 'ಹೋಗಿದ್ದೇನೆ' ಎಂಬ ಸಮಾಧಾನವಾಗಿ ಮಾಡಿಕೊಂಡಿದ್ದೆ. ದೋಷ ಯಂತ್ರದ್ದಲ್ಲ. ಕಾಲವನ್ನು ಉಳಿಸಿದವನು ಅದನ್ನು ಯಾರಿಗಾಗಿ ಉಳಿಸಿದೆನೆಂದು ಒಂದಲ್ಲ ಒಂದು ದಿನ ಲೆಕ್ಕ ಒಪ್ಪಿಸಬೇಕಾಗುತ್ತದೆ.

ನನ್ನಿಂದ ಲೆಕ್ಕ ಕೇಳಿದವಳು ಅವ್ವ. ತಂದೆಯ ವರ್ಷದ ಕಾರ್ಯಕ್ಕೆ ಹೋದಾಗ ಅವಳು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಸಮಾಧಾನ ಹೇಳುವವನಂತೆ ನಾನು, "ಈಗ ಒಂದ ತಾಸಿನ ಹಾದಿ ಐತಿ ಬೇ ಯವ್ವಾ, ನೀ ಕರದಾಗ ಬರ್ತೀನಿ" ಎಂದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ತಾಸಿನ ಹಾದಿ ಅಂತೀಯಲ್ಲೋ ಯಪ್ಪಾ, ಹಂಗಾರ ಬರಾಕ ವರ್ಸ ಯಾಕ ಬೇಕಾತು?"

ಕೋಪದ ಮಾತಲ್ಲ ಅದು, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ವಿಮಾನ ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಹಾರುತ್ತದೆಂದು ನಾನು ಹೇಳಬಲ್ಲೆ. ಅವಳ ಪ್ರಶ್ನೆಗೆ ಮಾತ್ರ ಉತ್ತರ ತೋಚಲಿಲ್ಲ. ಬರುವ ಬನದ ಹುಣ್ಣಿಮೆಗೆ ರಾತ್ರಿಯ ರೈಲಿನಲ್ಲಿ ಹೊರಡುವೆನೆಂದು ದಿನ ಗೊತ್ತುಮಾಡಿ ಅವಳಿಗೆ ತಿಳಿಸಿದ್ದೇನೆ.